ವಿಮರ್ಶೆ: ಕೊಡಗಿನ ಕಾಫಿ ತೋಟವೊಂದರ ಗುಹೆಯವರೆಗೆ ಸಂಜೆಯ ಬಾವಲಿ ನಡಿಗೆ

ಮಡಿಕೇರಿ ತಾಲ್ಲೂಕಿನ ಹೋಂಸ್ಟೇಯೊಂದು ತನ್ನಲ್ಲಿ ತಂಗಿದವರಿಗೂ ಹೊರಗಿನಿಂದ ಬರುವವರಿಗೂ ತೋಟದಂಚಿನ ಗುಹೆಯವರೆಗೆ ಸಂಜೆಯ ನಡಿಗೆಯನ್ನು ಏರ್ಪಡಿಸುತ್ತದೆ. ತಲಾ 800 ರೂಪಾಯಿ ಶುಲ್ಕ. ಒಂದು ತಂಡದಲ್ಲಿ ಆರು ಮಂದಿಗಿಂತ ಹೆಚ್ಚಿಗೆ ಸೇರಿಸುವುದಿಲ್ಲ. ಹೋಂಸ್ಟೇಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಅದನ್ನು ಬರೆದರೆ ಗುಹೆಯ ವಿಳಾಸವನ್ನೇ ಕೊಟ್ಟಂತಾಗುತ್ತದೆ. ಅಮೆರಿಕದ ಫೆಡರಲ್ ಸರ್ಕಾರದ ಜಮೀನಿನಲ್ಲಿರುವ ಮಹತ್ವದ ಗುಹೆಗಳು ಎಲ್ಲಿವೆಯೆಂಬುದನ್ನು ಸಾರ್ವಜನಿಕರಿಗೆ ಸುಲಭವಾಗಿ ತಿಳಿಸಕೂಡದೆಂದು ಅಲ್ಲಿನ 1988ರ ಗುಹಾ ಸಂರಕ್ಷಣಾ ಕಾಯ್ದೆಯೇ ಅಧಿಕಾರಿಗಳನ್ನು ತಡೆಯುತ್ತದೆ. ನಮ್ಮಲ್ಲಿ ಗುಹೆಗಳಿಗೆಂದೇ ಅಂಥ ಕೇಂದ್ರ ಕಾಯ್ದೆ ಇಲ್ಲದಿರುವುದರಿಂದ ಆ ಎಚ್ಚರವನ್ನು ಬರೆಯುವವರೇ ವಹಿಸಬೇಕಾಗಿದೆ. ಇಂಥ ನಡಿಗೆಗೆ ಹಣ ಕೊಡುವ ಮುನ್ನ ಏನನ್ನು ವಿಚಾರಿಸಬೇಕೆಂದು ತಿಳಿಯಬಯಸುವವರಿಗೆ ಹೆಸರಿಲ್ಲದೆಯೂ ಈ ಬರಹ ಉಪಯೋಗಕ್ಕೆ ಬಂದೀತು.

ಮೇಘಾಲಯದ ಸುಣ್ಣಕಲ್ಲಿನ ಗುಹೆಗಳಂತೆ ಮೈಲುಗಟ್ಟಲೆ ಸುರಂಗವನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆ ಖಂಡಿತ. ಕೊಡಗಿನದು ಗಟ್ಟಿ ಕಲ್ಲಿನ ನಾಡು. ಇಲ್ಲಿಯ ಗುಹೆ ಎಂದರೆ ಬಹುಮಟ್ಟಿಗೆ ಸೀಳಿದ ಬಂಡೆಗಳ ನಡುವಣ ಪೊಟರೆ. ಆದರೆ ಹೊತ್ತು ಮುಳುಗಿದ ಮೇಲೆ ಆ ಪೊಟರೆಯ ಬಾಯಿಂದ ಮೊದಲು ಕೀಟ ತಿನ್ನುವ ಸಣ್ಣ ಬಾವಲಿಗಳೂ ಅವುಗಳ ಹಿಂದೆ ಹಣ್ಣು ತಿನ್ನುವ ದೊಡ್ಡವೂ ಹೊರಬೀಳುವುದನ್ನು ಇಪ್ಪತ್ತು ಅಡಿ ದೂರದಲ್ಲಿ ಕುಳಿತು ನೋಡುವುದಕ್ಕೆ ಕೊಟ್ಟ ಹಣ ಸಾರ್ಥಕವೆನಿಸಿತು.

ಈ ಸೇವೆಯಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಹೊರಡುವ ಮುನ್ನ ಜಗಲಿಯ ಮೇಲೆ ಕೂರಿಸಿ ಮಾರ್ಗದರ್ಶಿ ಕೊಟ್ಟ ವಿವರಣೆ. ಗುಹೆಯ ಕಾನೂನು ಸ್ಥಿತಿಯನ್ನು ಪ್ರವಾಸಿಗರ ಮುಂದೆ ಇಷ್ಟು ಬಿಚ್ಚಿ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯ ವ್ಯಾಖ್ಯೆಯಲ್ಲಿ ಗುಹೆ ಎಂಬ ಮಾತು ಸ್ಪಷ್ಟವಾಗಿಯೇ ಇದೆ. ಆದರೆ ಅದು ಐತಿಹಾಸಿಕ, ಪುರಾತತ್ವದ ಅಥವಾ ಕಲೆಯ ದೃಷ್ಟಿಯಿಂದ ಮುಖ್ಯವಾದ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಗುಹೆಗೆ ಮಾತ್ರ. ಮನುಷ್ಯ ಉಳಿ ತಾಗಿಸಿದ ಗುಹೆಗೆ ರಕ್ಷಣೆ ಸಿಕ್ಕೀತು, ಬಾವಲಿಗಳಷ್ಟೇ ಬಾಳಿದ ಗುಹೆಗೆ ಆ ಬಾಗಿಲು ಮುಚ್ಚಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೊಂದು ಕಡೆಯಿಂದ ಬರುತ್ತದೆ. ಇದೇ ಬಂಡೆ ಬ್ರಹ್ಮಗಿರಿ, ಪುಷ್ಪಗಿರಿ ಅಥವಾ ತಲಕಾವೇರಿ ಅಭಯಾರಣ್ಯದ ಗಡಿಯೊಳಗೆ ಇದ್ದಿದ್ದರೆ 29ನೇ ಸೆಕ್ಷನ್ನಿನ ಪ್ರಕಾರ ಪ್ರಾಣಿಯನ್ನಷ್ಟೇ ಅಲ್ಲ, ಅದರ ನೆಲೆಯನ್ನು ಹಾಳುಮಾಡುವುದಕ್ಕೂ ತಡೆಯಿರುತ್ತಿತ್ತು. ಖಾಸಗಿ ತೋಟದಲ್ಲಿ ಆ ತಡೆ ಇಲ್ಲ. ಇಲ್ಲಿ ಕಾನೂನು ಕಾಯುವುದು ಬಾವಲಿಯನ್ನು, ಅದರ ಮನೆಯನ್ನಲ್ಲ.

ಬಾವಲಿಯನ್ನು ಕಾಯುವುದಾದರೂ ಇತ್ತೀಚಿನ ಸಂಗತಿ. 1972ರ ಈ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು, ಪಕ್ಷಿತಜ್ಞ ಸಲೀಂ ಅಲಿಯವರ ಹೆಸರು ಹೊತ್ತಂಥ ಅಪರೂಪದವುಗಳನ್ನು ಬಿಟ್ಟರೆ, ಕಾಗೆ ಮತ್ತು ಇಲಿಗಳ ಜೊತೆ ಐದನೇ ಅನುಸೂಚಿಯಲ್ಲಿ ಉಪದ್ರವಕಾರಿ ಪ್ರಾಣಿಗಳಾಗಿ ಕುಳಿತಿದ್ದವು, ಕೊಂದರೆ ಕೇಳುವವರಿರಲಿಲ್ಲ. 2022ರ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕಿಳಿಸಿ ಆ ಪಟ್ಟಿಯನ್ನೇ ತೆಗೆದುಹಾಕಿತು, ಮತ್ತು ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಅಟ್ಟುವುದೂ ಅದರಲ್ಲಿ ಸೇರುತ್ತವೆ. ಆದ್ದರಿಂದ ರಕ್ಷಿತ ಬಾವಲಿಗಳಿರುವ ಪೊಟರೆಗೆ ಹೊಗೆ ಹಾಕಿ ಅವನ್ನು ಓಡಿಸುವ ಹಳೆಯ ಅಭ್ಯಾಸ ಈಗ ತೋಟದ ಮಾಲೀಕರನ್ನು ತೊಂದರೆಗೆ ಸಿಲುಕಿಸಬಲ್ಲದು ಎಂದು ಮಾರ್ಗದರ್ಶಿ ಎಚ್ಚರಿಸಿದರು. 2018ರಲ್ಲಿ ಗಡಿಯಾಚೆಯ ಕೋಯಿಕ್ಕೋಡ್‌ನಲ್ಲಿ ಹಣ್ಣು ತಿನ್ನುವ ಬಾವಲಿಗಳಿಂದ ಹರಡಬಲ್ಲ ನಿಪಾ ಸೋಂಕು ಕಾಣಿಸಿಕೊಂಡ ಮೇಲೆ ಬಾವಲಿಯ ಹೆಸರೆತ್ತಿದರೇ ಬೆಚ್ಚುವ ಊರುಗಳಲ್ಲಿ ಈ ಮಾತನ್ನು ಹೇಳಲು ಸ್ವಲ್ಪ ಧೈರ್ಯವೇ ಬೇಕು.

ಹೇಳಿದ್ದನ್ನು ಅವರು ನಡೆಸಿಯೂ ತೋರಿಸಿದರು. ಗುಹೆಯ ಒಳಕ್ಕೆ ಯಾರನ್ನೂ ಬಿಡಲಿಲ್ಲ. ಟಾರ್ಚುಗಳಿಗೆ ಕೆಂಪು ಹಾಳೆ ಸುತ್ತಿಸಿದರು, ಫ್ಲ್ಯಾಷ್ ಬಳಸಗೊಡಲಿಲ್ಲ, ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರವಿರಬಹುದೆಂದು ಮಾಸ್ಕುಗಳನ್ನು ಹಂಚಿದರು. ಸಾಮಾನ್ಯವಾಗಿ ಬಾವಲಿ ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ, ಗದ್ದಲಕ್ಕೆ ಬೆದರಿ ಬಿದ್ದುಹೋದ ಮರಿಗಳ ನಷ್ಟವನ್ನು ಒಂದು ನೆಲೆ ಬೇಗನೆ ತುಂಬಿಕೊಳ್ಳಲಾರದು ಎಂಬ ಅವರ ವಿವರಣೆ ಸರಿಯಾಗಿತ್ತು. ಮರಿಗಳ ಕಾಲದಲ್ಲಿ ನಡಿಗೆಯನ್ನೇ ನಿಲ್ಲಿಸುತ್ತಾರಂತೆ. ಆದಾಯ ಬಿಟ್ಟುಕೊಡುವ ಈ ನಿಯಮವನ್ನು ಯಾವ ಕಾನೂನೂ ಅವರ ಮೇಲೆ ಹೇರಿಲ್ಲ.

ಕೊರತೆಗಳೂ ಇವೆ. ಬಾವಲಿಗಳು ಕಾಫಿಯ ಕಾಂಡಕೊರಕವನ್ನು ತಿಂದು ತೋಟ ಉಳಿಸುತ್ತವೆ ಎಂದು ಮಾರ್ಗದರ್ಶಿ ಹೇಳಿದ್ದು ಒಪ್ಪುವಂಥದ್ದಲ್ಲ. ಬಿಳಿ ಕಾಂಡಕೊರಕದ ದುಂಬಿ ಚುರುಕಾಗಿ ಹಾರಾಡುವುದು ಬಿಸಿಲಿನಲ್ಲಿ; ರಾತ್ರಿ ಬೇಟೆಗೆ ಹೊರಡುವ ಬಾವಲಿಗೆ ಅದು ಸಿಗುವುದು ಕಷ್ಟ. ಬಾವಲಿಯ ಪರವಾಗಿ ಹೇಳಲು ನಿಜವಾದ ಕಾರಣಗಳೇ ಬೇಕಷ್ಟಿರುವಾಗ ಇಂಥ ಮಾತು ಬೆಳೆಗಾರರ ನಂಬಿಕೆಯನ್ನು ಕೆಡಿಸುತ್ತದೆ. ಇನ್ನೊಂದು, ಜೀವವೈವಿಧ್ಯ ಕಾಯ್ದೆಯ ವಿಷಯವನ್ನು ಅವರು ಎತ್ತಲೇ ಇಲ್ಲ. 2002ರ ಆ ಕಾಯ್ದೆಯ 37ನೇ ಸೆಕ್ಷನ್ನಿನಡಿ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರವು ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಆ ಮನ್ನಣೆ ದೊರೆತಿದೆ. 1,200ಕ್ಕೂ ಹೆಚ್ಚು ದೇವರಕಾಡುಗಳನ್ನು ಊರಿನ ಕಟ್ಟುಪಾಡಿನಿಂದಲೇ ಉಳಿಸಿಕೊಂಡು ಬಂದ ಜಿಲ್ಲೆಯಲ್ಲಿ ಪಂಚಾಯಿತಿಯನ್ನು ಸೇರಿಸಿಕೊಳ್ಳುವ ಈ ದಾರಿಯನ್ನು ಮೊದಲು ಹೇಳಬೇಕಿತ್ತು. ಮಾಲೀಕರು ನಾಳೆ ತೋಟ ಮಾರಿದರೆ, ಅಥವಾ ಬಂಡೆಯನ್ನು ಕಲ್ಲುಗಣಿಗೆ ಕೊಡಲು ಮನಸ್ಸು ಮಾಡಿದರೆ, ಕೆಂಪು ಟಾರ್ಚಿನ ಶಿಸ್ತು ಅದನ್ನು ತಡೆಯಲಾರದು.

ಹೋಲಿಸಿ ನೋಡುವುದಾದರೆ, ಜಿಲ್ಲೆಯಲ್ಲೇ ಇನ್ನೊಂದು ಕಡೆ ಇದರ ಅರ್ಧ ಬೆಲೆಗೆ ಜೀಪಿನಲ್ಲಿ ಕರೆದೊಯ್ದು, ಗುಹೆಯೊಳಗೆ ನಿಲ್ಲಿಸಿ, ಚಪ್ಪಾಳೆ ತಟ್ಟಿ ಬಾವಲಿಗಳನ್ನು ಎಬ್ಬಿಸಿ ಫೋಟೊ ತೆಗೆಸಿಕೊಟ್ಟದ್ದನ್ನು ಕಂಡಿದ್ದೇನೆ. ಅಲ್ಲಿ ಅನುಮತಿಯ ಬಗ್ಗೆ ಕೇಳಿದಾಗ ನಗುವೇ ಉತ್ತರವಾಗಿ ಬಂತು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಾಯ್ದಿರಿಸುವುದು ಫೋನಿನಲ್ಲಿ ಮಾತ್ರ. ರಸೀದಿಯನ್ನು ಕೇಳಿ ಪಡೆಯಬೇಕಾಯಿತು. ನಡಿಗೆಯ ನಂತರದ ಕಾಫಿ ಚೆನ್ನಾಗಿತ್ತು, ಜೊತೆಗೆ ಕೊಟ್ಟ ತಿಂಡಿ ಸಾಧಾರಣ. ಕತ್ತಲೆಯಲ್ಲಿ ಮುಕ್ಕಾಲು ಗಂಟೆ ಮಾತಿಲ್ಲದೆ ಕೂರಬೇಕಾಗುವುದರಿಂದ ಎಳೆಯ ಮಕ್ಕಳಿರುವ ಕುಟುಂಬಗಳಿಗೆ ಇದು ಹೊಂದುವುದಿಲ್ಲ. ಮಳೆ ಹನಿದ ಮೇಲೆ ಹೋಗುವವರು ಜಿಗಣೆ ಕಾಲುಚೀಲವನ್ನು ತಾವೇ ಒಯ್ಯಬೇಕು, ಅದನ್ನು ಅಲ್ಲಿ ಕೊಡುವುದಿಲ್ಲ.