ಎರಡು ಲೆಕ್ಕದ ಗೋಡೆ ಕ್ಯಾಲೆಂಡರ್: ಜನವರಿ ಹಾಳೆ ತಿದ್ದಿಕೊಂಡು ತೂಗುಹಾಕಿ

ಡಿಸೆಂಬರ್ ಬಂತೆಂದರೆ ಕಾರವಾರದ ಪೇಟೆಯಲ್ಲಿ ನಕ್ಷತ್ರಗೂಡುಗಳ ಪಕ್ಕದಲ್ಲೇ ಹೊಸ ಕ್ಯಾಲೆಂಡರ್‌ಗಳೂ ನೇತಾಡುತ್ತವೆ. 2026ರವುಗಳಲ್ಲಿ ಒಂದು ಉಳಿದವುಗಳಂತಲ್ಲ. ಚೌಕದ ನಡುವೆ ದಪ್ಪಕ್ಷರದಲ್ಲಿ ಇಂದಿನ ತಾರೀಕು, ಕೆಳಗೆ ಎಡಕ್ಕೆ ತಿಥಿ, ಬಲಕ್ಕೆ ಸಣ್ಣ ನೀಲಿ ಅಂಕಿಯಲ್ಲಿ ‘ಹಳೇ ಲೆಕ್ಕ’, ಅಂದರೆ ಈಗಿನದಕ್ಕೆ ಮುಂಚೆ ಯುರೋಪಿನಲ್ಲಿ ನಡೆಯುತ್ತಿದ್ದ ಜೂಲಿಯನ್ ಕ್ಯಾಲೆಂಡರಿನ ತಾರೀಕು. ಹನ್ನೆರಡು ಹಾಳೆ, 120 ರೂಪಾಯಿ. ಕನ್ನಡದಲ್ಲಿ ಇಂಥದ್ದೊಂದು ಗೋಡೆಗೆ ಬರುವುದೇ ಅಪರೂಪ, ಹಾಗಾಗಿ ಕೊಳ್ಳಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಜನವರಿ ಹಾಳೆಯನ್ನು ತಿದ್ದಿಕೊಳ್ಳದೆ ಬಳಸಬೇಡಿ.

ಜನವರಿ 6ರ ಚೌಕ ನೋಡಿ. ‘ಮೂರು ರಾಯರ ಹಬ್ಬ, ಹಳೇ ಕ್ರಿಸ್‌ಮಸ್’ ಎಂದು ಒಂದೇ ಕೆಂಪು ಸಾಲು. ಮೂರು ರಾಯರೆಂದರೆ ಶಿಶು ಯೇಸುವನ್ನು ನೋಡಲು ಬಂದ ಜ್ಯೋತಿಷಿಗಳು, ಹಳೇ ಕ್ರಿಸ್‌ಮಸ್ ಅಂದರೆ ಹಳೇ ಲೆಕ್ಕದ ಡಿಸೆಂಬರ್ 25. ಓದಿದವರಿಗೆ ಒಂದರಿಂದ ಇನ್ನೊಂದು ಹುಟ್ಟಿತು ಅನಿಸುತ್ತದೆ. ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಚೌಕದಲ್ಲಿ ಕೂತಿವೆ, ಅಷ್ಟೇ.

ಮೂರು ರಾಯರ ಹಬ್ಬಕ್ಕೆ ಕ್ಯಾಲೆಂಡರ್ ತಿದ್ದುಪಡಿಯ ಸಂಬಂಧವೇ ಇಲ್ಲ. ಡಿಸೆಂಬರ್ 25ರ ಜನ್ಮೋತ್ಸವಕ್ಕೆ ರೋಮಿನಲ್ಲಿ ಸಿಗುವ ಹಳೆಯ ದಾಖಲೆ ಕ್ರಿ.ಶ. 336ರದು. ಪೂರ್ವದ ಸಭೆಗಳು ಜನವರಿ 6ರಂದೇ ಯೇಸುವಿನ ಜನನವನ್ನೂ ದೀಕ್ಷಾಸ್ನಾನವನ್ನೂ ನೆನೆಯುತ್ತಿದ್ದವು. ಅರ್ಮೇನಿಯದ ಸಭೆ ಇಂದಿಗೂ ಹಾಗೇ ಮಾಡುತ್ತದೆ. ಆಮೇಲೆ ಎರಡು ದಿನಗಳನ್ನೂ ಇಟ್ಟುಕೊಂಡು ನಡುವಿನ ಹನ್ನೆರಡು ದಿನಗಳನ್ನು ಒಂದೇ ಹಬ್ಬವಾಗಿ ಹೆಣೆದರು. ಪಶ್ಚಿಮದಲ್ಲಿ ಜನವರಿ 6 ಜ್ಯೋತಿಷಿಗಳ ಭೇಟಿಯ ದಿನವಾಯಿತು.

ಹಳೇ ಕ್ರಿಸ್‌ಮಸ್‌ನ ಕಥೆ ಇನ್ನೊಂದು. ಜೂಲಿಯನ್ ವರ್ಷ 365 ದಿನ 6 ಗಂಟೆ. ಋತುಗಳ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ, 128 ವರ್ಷಕ್ಕೆ ಒಂದು ದಿನದ ವ್ಯತ್ಯಾಸ. ಪೋಪ್ 13ನೇ ಗ್ರೆಗರಿ 1582ರಲ್ಲಿ ಅಕ್ಟೋಬರ್ 4ರ ಗುರುವಾರದ ಮರುದಿನವನ್ನು 15ರ ಶುಕ್ರವಾರ ಮಾಡಿದರು. ಪೋರ್ಚುಗಲ್ ಆಗಲೇ ಬದಲಾಯಿತು. ಇಂಗ್ಲೆಂಡ್ 170 ವರ್ಷ ತಡಮಾಡಿ, 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿ 11 ದಿನ ಕಳೆಯಿತು.

ಈ 170 ವರ್ಷಗಳ ತಡ ನಮ್ಮ ಕರಾವಳಿಯನ್ನೂ ತಾಕಿತ್ತು. 1638ರಿಂದ ಕಾರವಾರದ ಕಡವಾಡದಲ್ಲಿ ಇಂಗ್ಲಿಷರ ವಖಾರಿ ಇತ್ತು. ಅತ್ತ ಗೋವೆಯಲ್ಲಿ ಪೋರ್ಚುಗೀಸರು. ಇಂಗ್ಲಿಷರದು ಹಳೇ ಲೆಕ್ಕ, ಪೋರ್ಚುಗೀಸರದು ಹೊಸದು. 1665ರಲ್ಲಿ ಕಾರವಾರದ ಇಂಗ್ಲಿಷರ ಕಾಗದದಲ್ಲಿ ಡಿಸೆಂಬರ್ 25 ಎಂದಿದ್ದರೆ ಗೋವೆಯಲ್ಲಿ ಆಗಲೇ 1666ರ ಜನವರಿ 4, ಮೂರು ರಾಯರ ಹಬ್ಬಕ್ಕೆ ಎರಡೇ ದಿನ ಬಾಕಿ. 1700ರ ಬಳಿಕ ವ್ಯತ್ಯಾಸ 11 ದಿನಕ್ಕೇರಿ, ಇಂಗ್ಲಿಷರ ಕ್ರಿಸ್‌ಮಸ್ ಗೋವೆಯ ರಾಯರ ಹಬ್ಬದ ಮುನ್ನಾದಿನವೇ ಬಂತು. ಇಂಥ ಸಂಗತಿ ತೋರಿಸಲಿಕ್ಕೇ ಈ ನೀಲಿ ಅಂಕಿ ಬೇಕಿತ್ತು. ಕಾರವಾರದಲ್ಲಿ ಅಚ್ಚಾದ ಕ್ಯಾಲೆಂಡರಿನ ಬೆನ್ನಪುಟದಲ್ಲಿ ಕಾರವಾರದ ಹೆಸರೇ ಇಲ್ಲದಿರುವುದು ದೊಡ್ಡ ಕೊರತೆ.

ಗೆಜೆಟಿಯರ್, ಹಳೇ ಕಾಗದಪತ್ರ, ಸಮಾಧಿಕಲ್ಲು ಓದುವವರು ಬೆನ್ನಪುಟದ ಪಟ್ಟಿಯನ್ನು ನೆಚ್ಚಬೇಡಿ. ಹಳೇ ತಾರೀಕನ್ನು ಹೊಸ ಲೆಕ್ಕಕ್ಕೆ ತರಲು ಅಲ್ಲಿ ‘11 ದಿನ ಕೂಡಿಸಿ’ ಎಂದಷ್ಟೇ ಇದೆ. ಸರಿಯಾದ ಲೆಕ್ಕ ಹೀಗೆ: 1582ರಿಂದ 1700ರ ಫೆಬ್ರವರಿ ಕೊನೆಯವರೆಗೆ 10 ದಿನ, ಅಲ್ಲಿಂದ 1800ರ ಫೆಬ್ರವರಿವರೆಗೆ 11, 1900ರ ಫೆಬ್ರವರಿವರೆಗೆ 12, ಈಗ 13. ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾಗದಿದ್ದರೆ ಹೊಸ ಲೆಕ್ಕದಲ್ಲಿ ಅದಕ್ಕೆ ಫೆಬ್ರವರಿ 29 ಇಲ್ಲ, ಹಳೇ ಲೆಕ್ಕದಲ್ಲಿ ಇದೆ. ಅಲ್ಲೇ ಒಂದು ದಿನ ಹೆಚ್ಚುತ್ತದೆ. 2000 ನಾಲ್ಕುನೂರರಿಂದ ಭಾಗವಾಗುವುದರಿಂದ ಆಗ ಏನೂ ಬದಲಾಗಲಿಲ್ಲ. ಇನ್ನೊಂದು ಎಚ್ಚರ, ಎಲ್ಲರೂ ಎಡವುವುದು ಇಲ್ಲೇ: 1752ಕ್ಕೆ ಮುಂಚೆ ಇಂಗ್ಲೆಂಡಿನ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಇಂಗ್ಲಿಷರ ಕಾಗದದಲ್ಲಿ 1664ರ ಜನವರಿ 6 ಎಂದಿದ್ದರೆ ಮೊದಲು ವರ್ಷ ಒಂದು ಏರಿಸಿ 1665 ಮಾಡಿ, ಆಮೇಲೆ 10 ದಿನ ಕೂಡಿಸಿ. 1664/5 ಎಂದು ಎರಡೂ ಬರೆದಿದ್ದರೆ ಎರಡನೆಯದನ್ನೇ ಹಿಡಿಯಿರಿ, ವರ್ಷ ಏರಿಸುವ ಕೆಲಸವಿಲ್ಲ, ದಿನ ಮಾತ್ರ ಕೂಡಿಸಿ.

ಈಗ ಜನವರಿ 6ಕ್ಕೆ ‘ಹಳೇ ಕ್ರಿಸ್‌ಮಸ್’ ಹೆಸರು ಅಂಟಿದ್ದು ಹೇಗೆ? 1752ರ ಕ್ರಿಸ್‌ಮಸ್‌ಗೆ ಇಂಗ್ಲೆಂಡಿನ ಹಳ್ಳಿಗರಲ್ಲಿ ಹಲವರು ಹೊಸ ತಾರೀಕನ್ನು ಒಪ್ಪಲಿಲ್ಲ. ಚಳಿಗಾಲದಲ್ಲೂ ಹೂ ಬಿಡುವ ಒಂದು ಜಾತಿಯ ಮುಳ್ಳುಗಿಡ ಕ್ರಿಸ್‌ಮಸ್‌ಗೇ ಅರಳುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಬಕಿಂಗ್‌ಹ್ಯಾಮ್‌ಶೈರಿನ ಕ್ವೇಂಟನ್‌ನಲ್ಲಿ ಹೊಸ ಲೆಕ್ಕದ ಡಿಸೆಂಬರ್ 24ರ ರಾತ್ರಿ ಜನ ದೀಪ ಹಿಡಿದು ಗಿಡ ನೋಡಲು ಹೋದರು. ಹೂ ಇರಲಿಲ್ಲ. ಹಾಗಾದರೆ ನಾಳೆ ಕ್ರಿಸ್‌ಮಸ್ ಅಲ್ಲ ಎಂದು ತೀರ್ಮಾನಿಸಿದರು. ಗಿಡಕ್ಕೆ ಗೊತ್ತಾಗುವುದು ಚಳಿ, ಬಿಸಿಲು. ಸರ್ಕಾರ ತಾರೀಕು ಬದಲಿಸಿದರೆ ಅಂಕೋಲೆಯ ಇಶಾಡು ಮಾವು ಹನ್ನೊಂದು ದಿನ ಮುಂಚೆ ಹೂ ಬಿಟ್ಟೀತೇ? ಆ ಹಳ್ಳಿಗರ ಹಟ ನನಗೆ ಅರ್ಥವಾಗುತ್ತದೆ.

ಅವರ ಹಳೇ ಕ್ರಿಸ್‌ಮಸ್ 1753ರಲ್ಲಿ ಬಿದ್ದದ್ದು ಜನವರಿ 5ಕ್ಕೆ, 6ಕ್ಕಲ್ಲ. 1801ರಿಂದ 6 ಆಯಿತು, 1901ರಿಂದ ಲೆಕ್ಕಕ್ಕೆ 7. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಜನವರಿ 6 ರೂಢಿಯಾದ ಕಡೆ ಅಲ್ಲಿಗೇ ನಿಂತಿತು. ಸ್ಕಾಟ್ಲೆಂಡಿನ ಫೌಲಾ ದ್ವೀಪದವರಿಗೆ ಇಂದಿಗೂ ಹಬ್ಬ ಜನವರಿ 6ಕ್ಕೇ. ವೇಲ್ಸಿನ ಗ್ವೈನ್ ಕಣಿವೆಯಲ್ಲಿ ಹಳೇ ಹೊಸವರ್ಷ ಜನವರಿ 13ಕ್ಕೆ, ಅದೇ 12 ದಿನದ ಲೆಕ್ಕ. ರಷ್ಯಾ, ಸರ್ಬಿಯಾದ ಸಭೆಗಳು ಜೂಲಿಯನ್ ಲೆಕ್ಕವನ್ನು ಬಿಡದೆ ಹಿಡಿದಿದ್ದರಿಂದ ಅವರದು ಜನವರಿ 7. ಅವರ ಲೆಕ್ಕ 2101ಕ್ಕೆ 8 ಆಗುತ್ತದೆ. ಹಾಗಾಗಿ ಕೆಂಪು ಸಾಲಿನಿಂದ ‘ಹಳೇ ಕ್ರಿಸ್‌ಮಸ್’ ಹೊಡೆದುಹಾಕಿ, 7ರ ಚೌಕದಲ್ಲಿ ‘ಜೂಲಿಯನ್ ಡಿ. 25’ ಎಂದು ಬರೆದುಕೊಳ್ಳಿ. ನೀಲಿ ಅಂಕಿ ಅಲ್ಲಿ 25 ಎಂದೇ ಇದೆ. ಹಾಳೆಯ ಕೆಂಪು ಸುಳ್ಳು ಹೇಳಿದೆ, ನೀಲಿ ಹೇಳಿಲ್ಲ. 14ಕ್ಕೆ 1, 19ಕ್ಕೆ 6 ಬಂದಿದೆಯೇ ನೋಡಿದೆ, ಸರಿಯಿದೆ.

ಇನ್ನೊಂದು ತಪ್ಪು ಪೂಜೆಗೆ ಹೋಗುವವರಿಗೆ ನೇರವಾಗಿ ತೊಂದರೆ ಕೊಡುವಂಥದ್ದು. 1969ರ ತಿದ್ದುಪಡಿಯ ಪ್ರಕಾರ, ಜನವರಿ 6 ಕಡ್ಡಾಯ ಹಬ್ಬವಲ್ಲದ ದೇಶಗಳಲ್ಲಿ ಕಥೋಲಿಕರು ಮೂರು ರಾಯರ ಹಬ್ಬವನ್ನು ಜನವರಿ 2ರಿಂದ 8ರೊಳಗಿನ ಭಾನುವಾರಕ್ಕೆ ಆಚರಿಸುತ್ತಾರೆ. ಭಾರತವೂ ಹಾಗೇ. 2026ರಲ್ಲಿ ಅದು ಜನವರಿ 4. ಕ್ಯಾಲೆಂಡರ್ 6ರ ಮಂಗಳವಾರವನ್ನು ಮಾತ್ರ ತೋರಿಸಿದೆ. ಇದನ್ನೇ ನಂಬಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬಿಚ್ಚುವ ದಿನ ನಿಗದಿ ಮಾಡಿದರೆ ಎಡವಟ್ಟು, ಯಾಕೆಂದರೆ ಕ್ರಿಸ್‌ಮಸ್ ಕಾಲ ಮುಗಿಯುವುದು ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ, ಈ ಸಲ ಜನವರಿ 11ರ ಭಾನುವಾರ. ರಾಯರ ಹಬ್ಬ 7 ಅಥವಾ 8ಕ್ಕೆ ಬಿದ್ದ ವರ್ಷ ದೀಕ್ಷಾಸ್ನಾನದ ಹಬ್ಬ ಮರುದಿನ ಸೋಮವಾರವೇ. ಹಾಗೆಂದು 6ನ್ನು ಪೂರ್ತಿ ಅಳಿಸಬೇಡಿ. ಪಕ್ಕದ ಗೋವೆಯ ಚಾಂದರ್, ಕಾನ್ಸಾವಲಿಯಲ್ಲಿ ಹುಡುಗರು ರಾಯರ ವೇಷದಲ್ಲಿ ಕುದುರೆಯೇರಿ ಬರುವುದು ಜನವರಿ 6ಕ್ಕೇ. ಕಾರವಾರದಿಂದ ಹೋಗುವವರಿಗೆ ಆ ತಾರೀಕು ಬೇಕು.

ಮೆಚ್ಚಿದ್ದನ್ನೂ ಹೇಳಬೇಕು. ರಾಯರ ಹಬ್ಬದ ದಿನ ಆ ವರ್ಷದ ಈಸ್ಟರ್ ತಾರೀಕು ಸಾರುವ ಹಳೇ ಪದ್ಧತಿ ಚರ್ಚಿನಲ್ಲಿದೆ, ಮನೆಮನೆಯಲ್ಲಿ ಅಚ್ಚಿನ ಕ್ಯಾಲೆಂಡರ್ ಇಲ್ಲದ ಕಾಲದ್ದು. ಜನವರಿ ಹಾಳೆಯ ಅಡಿಯಲ್ಲಿ ಅದನ್ನೇ ನೆನೆದು ಬೂದಿ ಬುಧವಾರ ಫೆಬ್ರವರಿ 18, ಈಸ್ಟರ್ ಏಪ್ರಿಲ್ 5 ಎಂದು ಹಾಕಿದ್ದಾರೆ. ಎರಡೂ ಸರಿ. ಸಂಕ್ರಾಂತಿಯ ಟಿಪ್ಪಣಿಯೂ ಚೆನ್ನಾಗಿದೆ: ಪಂಚಾಂಗದ ವರ್ಷ ನಕ್ಷತ್ರಗಳ ಮೇಲೆ ನಿಂತಿರುವುದರಿಂದ ಮಕರ ಸಂಕ್ರಾಂತಿ ಸುಮಾರು 70 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತದೆ ಎಂದು ಎರಡೇ ಸಾಲಿನಲ್ಲಿ ತಿಳಿಸಿದ್ದಾರೆ. ಹಳೇ ಕ್ರಿಸ್‌ಮಸ್ ಸರಿದದ್ದನ್ನು ನಮ್ಮವರಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಕಾಗದ ದಪ್ಪಗಿದೆ, ಪೆನ್ಸಿಲಿನಲ್ಲಿ ಬರೆದದ್ದು ನಿಲ್ಲುತ್ತದೆ, ಜೆಲ್ ಪೆನ್ ಹರಡುತ್ತದೆ. ಮೇಲಿನ ತಗಡಿನ ಪಟ್ಟಿ ಕಡಲ ಗಾಳಿಗೆ ತುಕ್ಕು ಹಿಡಿದು ಗೋಡೆಗೆ ಕಂದು ಗೆರೆ ಎಳೆಯುತ್ತದೆ. ಹಿಂದೆ ಒಂದು ರಟ್ಟಿನ ತುಂಡು ಕೊಟ್ಟು ಮೊಳೆಗೆ ಹಾಕಿ. ಜನವರಿ ಹಾಳೆಯನ್ನು ತಿಂಗಳು ಮುಗಿದ ಮೇಲೆ ಹರಿಯದೆ ಹಿಂದಕ್ಕೆ ಮಡಚಿ. ಡಿಸೆಂಬರ್‌ನಲ್ಲಿ ಗೋದಲಿ ಕಟ್ಟುವಾಗ ಅದೇ ಮತ್ತೆ ಬೇಕಾಗುತ್ತದೆ.