ಹಳೇ ಮಾರುತಿ 800ರ ಬಾನೆಟ್ ಒಳಗೆ: ವಾಟರ್ ಸರ್ವಿಸ್, ಡೀಸೆಲ್, ಡಿಗ್ರೀಸರ್

ನಮ್ಮ ಮನೆಯ ಮಾರುತಿ 800 ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಭಾಗ) ಕಾಲದ್ದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಈ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತುಹೋಯಿತು. ಹಾಗಾಗಿ ಇರುವುದನ್ನು ಜೋಪಾನ ಮಾಡಬೇಕು ಅನ್ನುವ ಆಸೆ ನನಗೆ ಜಾಸ್ತಿ.

ಎಂಜಿನ್ ಜಾಗ ಸ್ವಚ್ಛ ಮಾಡಲು ವಾಟರ್ ಸರ್ವಿಸ್, ಡೀಸೆಲ್, ಜಿಡ್ಡು ತೆಗೆಯುವ ದ್ರಾವಣವಾದ ಡಿಗ್ರೀಸರ್, ಈ ಮೂರೂ ದಾರಿ ನೋಡಿದ್ದೇನೆ. ಹೊಳಪು ನನಗೆ ಮುಖ್ಯವಲ್ಲ. ಆಯಿಲ್ ಎಲ್ಲಿಂದ ಜಿನುಗುತ್ತಿದೆ ಅಂತ ಗೊತ್ತಾಗಬೇಕು, ಮರುದಿನ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಅಷ್ಟೇ.

ಮೊದಲಿಗೆ ವಾಟರ್ ಸರ್ವಿಸ್, ಅಂದರೆ ಪಂಪಿನ ಜೋರು ನೀರಿನಲ್ಲಿ ತೊಳೆಸುವುದು. ಬೇಗ ಮುಗಿಯುತ್ತದೆ, ನಮ್ಮ ಕೈಗೆ ಮಸಿ ಆಗುವುದಿಲ್ಲ. ಚಕ್ರದ ಗೂಡು, ಸಸ್ಪೆನ್ಷನ್, ಅಡಿಭಾಗದ ಕೆಸರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದೇ ಜೋರು ನೀರನ್ನು ಬಾನೆಟ್ ಒಳಗೆ ಬಿಟ್ಟಾಗ ನಮ್ಮ ಗಾಡಿ ವಾಪಸ್ ಬರುವಾಗಲೇ ಮಿಸ್ಸಿಂಗ್ ಹೊಡೆಯಿತು, ಅಂದರೆ ಎಂಜಿನ್ ತಡವರಿಸಿ ಓಡಿತು. ಕಾರಣ ಡಿಸ್ಟ್ರಿಬ್ಯೂಟರ್. ಮೂರು ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವುದು ಅದರ ಕೆಲಸ. ಕ್ಯಾಪ್ ಒಳಗೆ ತೇವ ಸೇರಿದರೆ ಕಿಡಿ ಪ್ಲಗ್‌ಗೆ ಹೋಗದೆ ಅಲ್ಲಲ್ಲೇ ಹಾರಿಹೋಗುತ್ತದೆ. ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಯಾಯಿತು. ಇಷ್ಟು ವರ್ಷ ಬಿಸಿ ತಿಂದ ವೈರ್ ಕನೆಕ್ಟರ್‌ಗಳ ಪ್ಲಾಸ್ಟಿಕ್ ಕೂಡ ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ನೀರನ್ನು ತಡೆಯುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಹತ್ತಿರದಿಂದ ಹೊಡೆದರೆ ರೇಡಿಯೇಟರಿನ ತೆಳು ರೆಕ್ಕೆಗಳೂ ಮಡಚಿಕೊಳ್ಳುತ್ತವೆ.

ಡೀಸೆಲ್ ಮತ್ತು ಬ್ರಶ್ ಹಳೇ ಗ್ಯಾರೇಜುಗಳ ದಾರಿ. ಸೀಮೆಎಣ್ಣೆಯದೂ ಇದೇ ಗುಣ, ಆದರೆ ಈಗ ಅದು ಸುಲಭಕ್ಕೆ ಸಿಗುವುದಿಲ್ಲ. ಜಿಡ್ಡು ಕರಗಿಸುವುದರಲ್ಲಿ ಡೀಸೆಲ್ಲನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಗಿಯರ್‌ಬಾಕ್ಸ್ ಮೇಲೆ ಡಾಂಬರಿನಂತೆ ಗಟ್ಟಿಯಾಗಿದ್ದ ಕೊಳೆಯೂ ಕರಗಿ ಇಳಿಯಿತು. ತೊಂದರೆ ಶುರುವಾಗುವುದು ಆಮೇಲೆ. ಎಷ್ಟು ಒರೆಸಿದರೂ ತೆಳು ಪದರ ಉಳಿಯುತ್ತದೆ. ಅದಕ್ಕೆ ನಮ್ಮ ರಸ್ತೆಯ ಕೆಂಪು ಧೂಳು ಬಂದು ಅಂಟಿ, ಸ್ವಲ್ಪ ದಿನಕ್ಕೇ ಮೊದಲಿನ ಹಾಗೆ ಆಗುತ್ತದೆ. ಗಾಳಿಯ ಕಿಂಡಿಯಿಂದ ವಾಸನೆ ಒಳಗೂ ಬರುತ್ತದೆ. ರಬ್ಬರಿಗಂತೂ ಇದು ಶತ್ರು. ರೇಡಿಯೇಟರ್ ಹೋಸ್‌ಗಳು ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನವು. ಬಿಸಿ ಕೂಲಂಟನ್ನು ವರ್ಷಗಟ್ಟಲೆ ತಡೆಯುವ ಆ ರಬ್ಬರ್, ಡೀಸೆಲ್ ಅಥವಾ ಆಯಿಲ್ ತಾಗಿದರೆ ಊದಿ ಮೆತ್ತಗಾಗುತ್ತದೆ. ಫ್ಯಾನ್ ಬೆಲ್ಟ್‌ಗೆ ತಾಗಿದರೆ ಬೆಲ್ಟ್ ಜಾರಿ ಕಿರುಚುತ್ತದೆ. ಎಂಜಿನ್ ಬಿಸಿ ಇರುವಾಗ ಡೀಸೆಲ್ ಸವರಲೇಬೇಡಿ, ಬೆಂಕಿಯ ಭಯ ಇದೆ. ಪೆಟ್ರೋಲ್ ಅಂತೂ ಬೇಡವೇ ಬೇಡ. ನಾನು ಈಗ ಡೀಸೆಲ್ಲನ್ನು ಬಟ್ಟೆಗೆ ಸ್ವಲ್ಪವೇ ಹಾಕಿಕೊಂಡು, ಬರೀ ಲೋಹದ ಮೇಲಿನ ಗಟ್ಟಿ ಕೊಳೆಗೆ ಬಳಸುತ್ತೇನೆ.

ಉಳಿದದ್ದಕ್ಕೆಲ್ಲ ನೀರಿನಲ್ಲಿ ಕಲಸುವ ಡಿಗ್ರೀಸರ್. ನನ್ನ ಆಯ್ಕೆ ಇದೇ. ನಿಧಾನ, ಅರ್ಧ ದಿನ ಬೇಕು, ಬೆನ್ನು ನೋಯುತ್ತದೆ. ಆದರೂ ಎಷ್ಟು ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ಎಂಜಿನ್ ತಣ್ಣಗಾದ ಮೇಲೆ 10 ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚುತ್ತೇನೆ. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟುತ್ತೇನೆ. ಕೆಳಗಿನಿಂದ ಮೇಲಕ್ಕೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಪೇಂಟ್ ಬ್ರಶ್ಶಿನಲ್ಲಿ ಉಜ್ಜುವುದು. ಒಣಗಲು ಬಿಡಬಾರದು. ಗಾಢವಾಗಿ ಕಲಸಿದ್ದು ಅಲ್ಯೂಮಿನಿಯಂ ಮೇಲೆ ಒಣಗಿದರೆ ಬಿಳಿ ಕಲೆ ಹೋಗುವುದೇ ಇಲ್ಲ. ತೊಳೆಯಲು ಗಿಡಕ್ಕೆ ನೀರು ಸಿಂಪಡಿಸುವ ಕೈಪಂಪು ಸಾಕು. ಕೆಳಗೆ ಹರಡಿದ ಮರದ ಹೊಟ್ಟು ಎಣ್ಣೆ ನೀರನ್ನು ಹೀರಿಕೊಳ್ಳುತ್ತದೆ, ಚರಂಡಿಗೆ ಹೋಗುವುದಿಲ್ಲ. ಚೆನ್ನಾಗಿ ಒರೆಸಿ, ಕವರ್ ತೆಗೆದು, ಬಾನೆಟ್ ತೆರೆದಿಟ್ಟೇ ಎಂಜಿನ್ ಓಡಿಸಿದರೆ ಉಳಿದ ತೇವ ಅದರ ಬಿಸಿಗೇ ಆರುತ್ತದೆ.

ಹೀಗೆ ತೊಳೆದ ವಾರದಲ್ಲೇ ಟ್ಯಾಪೆಟ್ ಕವರಿನ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಒಂದು ಮೂಲೆಯಲ್ಲಿ ಹೊಸ ಆಯಿಲ್ ಗೆರೆ ಕಂಡಿತು. ಪ್ಯಾಕಿಂಗ್ ಬದಲಿಸಿದೆ, ನಿಂತಿತು. ಕೊಳೆ ಇದ್ದಾಗ ಅದು ಕಾಣುವ ಮಾತೇ ಇರಲಿಲ್ಲ, ಅಲ್ವಾ? ಡೀಸೆಲ್ ಹಚ್ಚಿದಾಗಲೂ ಎಲ್ಲ ಕಡೆ ಮಿಂಚುತ್ತಿದ್ದರಿಂದ ಹೊಸ ಸೋರಿಕೆ ಯಾವುದು ಅಂತ ತಿಳಿದಿರಲಿಲ್ಲ. ಇದೇ ಕಾರಣಕ್ಕೆ ಹೊಳೆಯುವ ಸಿಲಿಕೋನ್ ಸ್ಪ್ರೇ ಕೂಡ ನನಗೆ ಬೇಡ. ಬೆಲ್ಟ್ ಮೇಲೆ ಬಿದ್ದರೆ ಅದೂ ಜಾರಿಸುತ್ತದೆ.

ಜೋತಾಡುವ ವೈರಿಂಗ್ ಬಗ್ಗೆ ಒಂದು ಮಾತು. ಮಾಮೂಲಿ ಇನ್ಸುಲೇಷನ್ ಟೇಪ್ ಬಿಸಿಗೆ ಗೋಂದು ಬಿಟ್ಟು, ಬೇಸಿಗೆ ಮುಗಿಯುವಷ್ಟರಲ್ಲಿ ಸುರುಳಿ ಬಿಚ್ಚಿಕೊಂಡಿತು. ವೈರಿಂಗ್‌ಗೆಂದೇ ಬರುವ ಬಟ್ಟೆ ಟೇಪ್ ಗಟ್ಟಿ, ಆದರೆ ಆಯಿಲ್ ಹೀರುತ್ತದೆ. ಉದ್ದಕ್ಕೂ ಸೀಳಿರುವ ಸುಕ್ಕು ಸುಕ್ಕಿನ ಕಪ್ಪು ಪ್ಲಾಸ್ಟಿಕ್ ಪೈಪ್ ಎಲ್ಲಕ್ಕಿಂತ ಮೇಲು. ಕನೆಕ್ಷನ್ ಬಿಚ್ಚದೆಯೇ ಹಾಕಬಹುದು, ನಾಳೆ ರಿಪೇರಿಗೆ ತೆಗೆಯಲೂ ಸುಲಭ. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ಮಾತ್ರ ಅದು ಬೇಡ, ಕರಗುತ್ತದೆ. ಅಲ್ಲಿ ವೈರನ್ನೇ ದೂರ ಎಳೆದು ಕ್ಲಿಪ್ ಹಾಕಿ.