ಕೊಪ್ಪಳದಲ್ಲಿ ಒಗ್ಗರಣೆಯೋ, ಗಿರ್ಮಿಟ್ಟೋ?

ಎರಡೂ ಮಂಡಕ್ಕಿಯ ತಿಂಡಿಗಳೇ. ಹಸಿವು ಎಷ್ಟಿದೆ, ಹೊತ್ತು ಯಾವುದು ಅಂತ ನೋಡಿ ಆರಿಸಿ.

ಬೆಳಿಗ್ಗೆ ಬಸ್ ಇಳಿದವರಿಗೆ ನನ್ನ ಓಟು ಒಗ್ಗರಣೆಗೆ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆಯುತ್ತಾರೆ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಬಾಡಿಸಿ, ಅರಿಶಿಣ ಹಾಕಿ ಕಲಸುತ್ತಾರೆ. ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಲೇಬೇಕು. ಉಳಿದ ನೀರನ್ನೆಲ್ಲ ಅದು ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಮುದ್ದೆ ಮುದ್ದೆ. ಬಿಸಿ ಇರುವಾಗ ಮೆತ್ತಗೆ, ಹೊಟ್ಟೆಯೂ ತುಂಬುತ್ತದೆ. ತಣ್ಣಗಾದರೆ ಮಜಾ ಇಲ್ಲ.

ಗಿರ್ಮಿಟ್ ಸಂಜೆಯದ್ದು. ಇಲ್ಲಿ ಮಂಡಕ್ಕಿಗೆ ನೀರು ಸೋಕಿಸುವುದಿಲ್ಲ. ಹುಣಸೆಹುಳಿ, ಬೆಲ್ಲ ಹಾಕಿದ ಉಳ್ಳಾಗಡ್ಡಿ ಮಸಾಲೆಯಲ್ಲಿ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಕಲಸಿದ ಕೂಡಲೇ ತಿನ್ನಬೇಕು, ಕುರುಕುರು ಅನ್ನುವಾಗಲೇ. ಪಾರ್ಸೆಲ್ ಕಟ್ಟಿಸಿದರೆ ಸುಮ್ನೆ ದುಡ್ಡು ದಂಡ. ಹರಟೆಗೆ ಒಳ್ಳೆ ಜೋಡಿ, ಜಾಸ್ತಿ ಹಸಿವಿಗಲ್ಲ.

ಮಿರ್ಚಿ, ಅಂದ್ರೆ ಮೆಣಸಿನಕಾಯಿ ಬಜ್ಜಿ, ಎರಡಕ್ಕೂ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಗವಿಮಠದ ಜಾತ್ರೆಯ ದಾಸೋಹದಲ್ಲೂ ಮಿರ್ಚಿ ಬಡಿಸುವ ಊರು ಇದು, ಅಲ್ವಾ? ಖಾರ ತಡೆಯದವರು ಗಿರ್ಮಿಟ್ ತಗೊಳ್ಳಿ, ಬೆಲ್ಲ ಸ್ವಲ್ಪ ಕಾಪಾಡುತ್ತದೆ.